ತಾಲ್-ಹರೂಬಿನ ತಂಬೋಲಕ್ಕೆ ಲೈಸೆನ್ಸ್

ನಮ್ಮ ವಿಸ್ತಿನ್ ಮಾಮನಿಗೆ ಮೊಹರು ಬಿದ್ದ ಕಾಗದದ ಮೇಲೆ ಇದ್ದ ಪ್ರೀತಿ ಅವನ ಹೆಂಡತಿ ಪೌಲಿನಾಳ ಮೇಲೂ ಇರಲಿಲ್ಲ. ಇದು ನಾನು ಹೇಳಿದ್ದಲ್ಲ, ಪೌಲಿನಾಳೇ ಹೇಳುತ್ತಿದ್ದಳು. ಗೋಜೋ ದ್ವೀಪದಿಂದ ಮಾಲ್ಟಾಕ್ಕೆ ಹೋಗುವ ಹಡಗಿನ ಟಿಕೆಟ್ ಗೂಡಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ಮೊಹರು ಒತ್ತಿದ ಮನುಷ್ಯ ಅವನು. ನಿವೃತ್ತನಾಗಿ ಮನೆಗೆ ಬಂದ ಮೊದಲ ವಾರ ಕೈ ಸುಮ್ಮನಿರದೆ ಊಟದ ಮೇಜಿನ ಮೇಲೆ ಮುಷ್ಟಿ ಗುದ್ದುತ್ತಿದ್ದನಂತೆ. ಆ ಗುದ್ದಿಗೆ ಎರಡು ತಟ್ಟೆ ಒಡೆದವು. ಮೂರನೆಯದು ಒಡೆಯುವ ಮೊದಲೇ ಪೌಲಿನಾ ಅವನನ್ನು ನಮ್ಮ ಬ್ಯಾಂಡ್ ಕ್ಲಬ್ಬಿಗೆ ಅಟ್ಟಿದಳು.

ತಾಲ್-ಹರೂಬ್ ಗೋಜೋದ ಸಣ್ಣ ಊರು. ಆದರೆ ಹಬ್ಬಕ್ಕೆ ವಾದ್ಯ ಬಾರಿಸುವ ಬ್ಯಾಂಡ್ ಕ್ಲಬ್ಬು ಎರಡು. ಒಂದು ನಮ್ಮದು, ಸಂತ ಸಾನ್ ಬಾಸ್ತ್ಯಾನನ ಹೆಸರಿನದು. ಇನ್ನೊಂದರ ಹೆಸರು ನಮ್ಮ ಕ್ಲಬ್ಬಿನೊಳಗೆ ಯಾರೂ ಎತ್ತುವುದಿಲ್ಲ, 'ಚೌಕದ ಆಚೆಯವರು' ಅನ್ನುತ್ತೇವೆ. ನಾನಾಗ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಭಾನುವಾರ ಒಂಬತ್ತು ಗಂಟೆಯ ಪೂಜೆ ಮುಗಿದ ಮೇಲೆ ನಮ್ಮಲ್ಲಿ ತಂಬೋಲ. ಒಂದರಿಂದ ತೊಂಬತ್ತರವರೆಗಿನ ಮರದ ಬಿಲ್ಲೆಗಳನ್ನು ಜೀಜಾ ಅಜ್ಜಿ ಚೀಲದಿಂದ ಒಂದೊಂದಾಗಿ ತೆಗೆಯುವುದು, ವಿಸ್ತಿನ್ ಮಾಮ ಕೂಗುವುದು, ಜನ ಕಾರ್ಡಿನ ಮೇಲೆ ಒಣಗಿದ ಹುರುಳಿಕಾಯಿಯ ಬೀಜ ಇಡುವುದು. ಬಹುಮಾನ ಒಂದು ಮೊಲ, ಇಲ್ಲವೇ ಒಂದು ಡಬ್ಬಿ ಕುರಿಹಾಲಿನ ಗಿಣ್ಣು, ಅಂದರೆ ಚೀಸು. ಜೀಜಾ ಅಜ್ಜಿಗೆ ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ. ಆ ಕಾರಣಕ್ಕೇ ಅವಳ ಮೇಲೆ ಇಡೀ ಊರಿಗೆ ನಂಬಿಕೆ.

ಇಲ್ಲಿಯವರೆಗೆ ಯಾವ ದೇಶದ ಕಾನೂನಿಗೂ ತೊಂದರೆಯಿರಲಿಲ್ಲ.

ತೊಂದರೆ ತಂದವನು ನಾನೇ. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಎಸೆಯುತ್ತಿದ್ದರು. ಒಂದನ್ನು ಹೊತ್ತುಕೊಂಡು ಬಂದು, ಬಿಯರಿನ ಪೆಟ್ಟಿಗೆಯ ಮೇಲೆ ಕೂರಿಸಿ, ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿದೆ. ನಮ್ಮೂರಿನ ಅರ್ಧ ಜನ ಆಸ್ಟ್ರೇಲಿಯಾದಲ್ಲಿದ್ದಾರೆ. ಹಡಗು ಹತ್ತಿ ಹೋದವರು, ಹೋದವರು ಹೋದಂತೆಯೇ ಇದ್ದಾರೆ. ವಿಸ್ತಿನ್ ಮಾಮನ ತಂಗಿ ಕಾರ್ಮನಿ ಅರವತ್ತೆಂಟರಲ್ಲಿ ಹೋದಳು. ದಾರಿಯುದ್ದಕ್ಕೂ ಮೂರು ವಾರ ವಾಂತಿ ಮಾಡಿಕೊಂಡು ಮೆಲ್ಬರ್ನಿನಲ್ಲಿ ಇಳಿದವಳು, ಇನ್ನು ಸಾಯುವವರೆಗೂ ನೀರು ದಾಟುವುದಿಲ್ಲ ಎಂದು ಬಂದರಿನಲ್ಲೇ ಆಣೆ ಹಾಕಿದಳಂತೆ. ನಮ್ಮದು ದ್ವೀಪ. ಹೀಗಾಗಿ ನಲವತ್ತೊಂದು ವರ್ಷದಿಂದ ಅವಳು ಊರು ನೋಡಿರಲಿಲ್ಲ, ಅಪ್ಪ ಅಮ್ಮನ ಮಣ್ಣಿಗೂ ಬಂದಿರಲಿಲ್ಲ.

ಕಂಪ್ಯೂಟರ್ ಹಚ್ಚಿದ ಮೊದಲ ಭಾನುವಾರ ಪರದೆಯ ಮೇಲೆ ಅವಳ ಮುಖ ಬಂತು. ನಮಗೆ ಬೆಳಗಿನ ಹತ್ತೂವರೆ, ಅವರಿಗೆ ಸಂಜೆ ಆರೂವರೆ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ಏನು ಮಾತಾಡುವುದು? ನಲವತ್ತೊಂದು ವರ್ಷದ ಮಾತನ್ನು ಎಲ್ಲಿಂದ ಎತ್ತುವುದು? ಕೊನೆಗೆ ವಿಸ್ತಿನ್ ಮಾಮ ಕೇಳಿದ: "ತಂಬೋಲ ಆಡ್ತೀಯಾ?"

ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿದೆವು. ಒಂದು ವರ್ಷದೊಳಗೆ ಮೆಲ್ಬರ್ನಿನ ನಮ್ಮವರ ಸಭಾಂಗಣದಲ್ಲಿ ನಲವತ್ತು ಜನ ಆಡುತ್ತಿದ್ದರು. ಟೊರೊಂಟೊದಲ್ಲಿ ಆರು, ಲಂಡನ್ನಿನಲ್ಲಿ ಇಬ್ಬರು. ಬೆಲ್ಜಿಯಂನ ಕನ್ಯಾಮಠದಲ್ಲಿದ್ದ ನಮ್ಮೂರಿನ ಸಿಸ್ಟರ್ ಪೆರ್ಪೆತ್ವಾ, ಜೊತೆಗೆ ಆಕೆ ಕೆಡಿಸಿದ ಮೂವರು ಸಿಸ್ಟರುಗಳು. ಅಲ್ಲಿ ಗೆದ್ದವರಿಗೆ ಮೊಲ ಕಳಿಸುವುದು ಹೇಗೆ? ವಿಸ್ತಿನ್ ಮಾಮ ನ್ಯಾಯವಂತ. ಗೆದ್ದವರ ಮೊಲ ಗೆದ್ದವರದ್ದೇ ಎಂದು ಮನೆಯ ಹಿಂದೆ ಗೂಡು ಕಟ್ಟಿ, ಪ್ರತಿ ಗೂಡಿಗೂ ಹೆಸರಿನ ಚೀಟಿ ಅಂಟಿಸಿ ಸಾಕತೊಡಗಿದ. 'ಕಾರ್ಮನಿ, ಮೆಲ್ಬರ್ನ್.' 'ಸಿಸ್ಟರ್ ಪೆರ್ಪೆತ್ವಾ, ಬೆಲ್ಜಿಯಂ.' ಪೌಲಿನಾ ಬಾಣಲೆ ಹಿಡಿದು ಆ ಕಡೆ ಹೋಗುವಂತಿರಲಿಲ್ಲ.

ಹೀಗೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು, ಈಸ್ಟರ್ ಮುಗಿದ ಮೇಲೆ ಚೌಕದ ಆಚೆಯವರು ತಮ್ಮ ಬ್ಯಾಂಡಿನ ನೂರನೇ ವರ್ಷಕ್ಕೆ ಯಾರೋ ಮಂತ್ರಿಗಳಿಂದ ಅಭಿನಂದನಾ ಪತ್ರ ತರಿಸಿ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅವರ ಅಧ್ಯಕ್ಷ ಗೇತು, ದಿನಸಿ ಅಂಗಡಿಯವನು, ಗಿರಾಕಿಗಳಿಗೆ ಗಿಣ್ಣಿನ ಜೊತೆ ಆ ಸುದ್ದಿಯನ್ನೂ ಕಟ್ಟಿ ಕೊಡುತ್ತಿದ್ದ.

ವಿಸ್ತಿನ್ ಮಾಮ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ನನ್ನ ಮನೆ ಬಾಗಿಲಲ್ಲಿ ನಿಂತಿದ್ದ.

"ಸ್ಪಿರು, ನಮ್ಮ ತಂಬೋಲಕ್ಕೆ ಸರ್ಕಾರದ ಲೈಸೆನ್ಸ್ ತಗೊಳ್ಳೋಣ."

"ಮಾಮ, ಪೊಲೀಸ್ ಠಾಣೆಯಿಂದ ವರ್ಷಕ್ಕೊಂದು ಚೀಟಿ ಬರುತ್ತಲ್ಲ."

"ಚೀಟಿಗೆ ಯಾರಾದ್ರೂ ಚೌಕಟ್ಟು ಹಾಕಿಸ್ತಾರಾ? ನಮ್ಮದು ಈಗ ಅಂತರರಾಷ್ಟ್ರೀಯ. ರಾಜಧಾನಿಯಲ್ಲಿ ಆನ್‌ಲೈನ್ ಜೂಜಿನ ಕಂಪನಿಗಳಿಗೆಲ್ಲ ಲೈಸೆನ್ಸ್ ಕೊಡೋ ಕಚೇರಿ ಇದೆ. ಎಲ್ಲಿಂದಲೋ ಬಂದ ಸ್ವೀಡನ್ನಿನವರಿಗೆ, ಜರ್ಮನಿಯವರಿಗೆ ಕೊಡ್ತಾರೆ. ನಮಗೆ ಕೊಡಲ್ವಾ? ಆ ಲೈಸೆನ್ಸಿಗೆ ಮೂರು ಮೊಹರು ಇರುತ್ತಂತೆ."

ಮೂರು ಎಂದಾಗ ಅವನ ಕಣ್ಣು ತೇವವಾಗಿತ್ತು. ನಾನು ಅರ್ಜಿ ತರಿಸಿದೆ.

ಅರ್ಜಿ ನಲವತ್ತು ಪುಟ. ಅವನು ಹೇಳಿದ, ನಾನು ಬರೆದೆ. ಆ ಪದಗಳ ಅರ್ಥ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು ಎಂದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ.

"'ನೀವು ವ್ಯವಹಾರ ನಡೆಸುವ ಮಾರುಕಟ್ಟೆಗಳು.'"

"ಬರಿ. ಮಾಲ್ಟಾ, ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡ್, ಬೆಲ್ಜಿಯಂ."

"'ನಿಮ್ಮ ಸರ್ವರ್ ಎಲ್ಲಿದೆ?'"

"ಬಾರ್ ಹಿಂದೆ ನಿಂತಿರ್ತಾನಲ್ಲ, ನಮ್ಮ ಝಾರೆನ್. ಆದರೆ ಇದೇನು, ಸರ್ವರನ್ನ 'ಇದೆ' ಅಂತ ಕೇಳ್ತಾರೆ? ರಾಜಧಾನಿಯವರಿಗೆ ಮರ್ಯಾದೆ ಕಮ್ಮಿ. ಬಾರ್ ಹಿಂದೆ ಅಂತ ಬರಿ."

"'ಯಾವ ವರ್ಷದ್ದು?'"

"ಐವತ್ತೊಂದು."

"'ಬೆಂಕಿ, ನೀರು, ಅತಿಯಾದ ಬಿಸಿಯಿಂದ ಸರ್ವರಿಗೆ ಏನು ರಕ್ಷಣೆ?'"

ವಿಸ್ತಿನ್ ಮಾಮ ಯೋಚಿಸಿದ. "ಬಿಸಿಗೆ ಫ್ಯಾನ್ ಇದೆ. ಮಳೆ ಬಂದ್ರೆ ಬೇಗ ಮನೆಗೆ ಹೋಗ್ತಾನೆ. ನೋಡು, ಕೆಲಸದವರ ಬಗ್ಗೆ ಎಷ್ಟು ಕಾಳಜಿ ಈ ಸರ್ಕಾರಕ್ಕೆ. ಸುಮ್ಮನೆ ಬೈದೆ."

"'ಆಟಗಾರರ ಗೆಲುವನ್ನು ಸಂಸ್ಥೆಯ ಸ್ವಂತ ಆಸ್ತಿಯಿಂದ ಪ್ರತ್ಯೇಕವಾಗಿ ಇಡಲಾಗಿದೆಯೇ?'"

ಇಲ್ಲಿ ಅವನು ಎದೆ ಉಬ್ಬಿಸಿದ. "ಪ್ರತ್ಯೇಕ ಗೂಡಲ್ಲಿ ಇಟ್ಟಿದೀವಿ. ಒಂದೇ ಒಂದು ಸಲ ಬೆರೆತಿತ್ತು, ಒಂದು ತಿಂಗಳಲ್ಲಿ ಏಳು ಹೆಚ್ಚಾಯ್ತು, ಹೆಚ್ಚಾಗಿದ್ದನ್ನೂ ಆಟಗಾರರಿಗೇ ಸೇರಿಸಿದೀವಿ ಅಂತ ಬರಿ. ಮುಚ್ಚಿಡೋದು ಬೇಡ."

ದೂರು ಬಂದರೆ ಯಾರು ವಿಚಾರಿಸುತ್ತಾರೆ ಎಂಬ ಜಾಗದಲ್ಲಿ 'ಪೌಲಿನಾ ಗಾಲ್ದೆಸ್. ಎರಡನೇ ಸಲ ಯಾರೂ ದೂರು ತಂದಿಲ್ಲ' ಎಂದು ಬರೆದೆವು. ಸಂಖ್ಯೆ ಆರಿಸುವ ಯಂತ್ರದ ಪ್ರಮಾಣಪತ್ರ ಕೇಳಿದ್ದರು. ಜೀಜಾ ಅಜ್ಜಿಯ ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯನ್ನು ಲಗತ್ತಿಸಿದೆವು.

ಅರ್ಜಿ ಹೋದ ದಿನದಿಂದ ವಿಸ್ತಿನ್ ಮಾಮ ವಾರದ ದಿನಗಳಲ್ಲೂ ಟೈ ಕಟ್ಟತೊಡಗಿದ. ಮಾತಿನಲ್ಲಿ 'ನಮ್ಮ ಕೆನಡಾ ಮಾರುಕಟ್ಟೆ' ಎಂಬ ಪದ ನುಸುಳಿತು. ಊರಿನಲ್ಲಿ ಸುದ್ದಿ ಹಬ್ಬುವುದಕ್ಕೆ ಅಷ್ಟು ಸಾಕು. ಕಟುಕ ಮಿಕಿಯೆಲ್ ತನ್ನ ಮಗಳಿಗೆ ಕಂಪನಿಯಲ್ಲಿ ಕೆಲಸ ಕೇಳಿದ, ಟೈಪಿಂಗ್ ಬರುತ್ತದೆ ಎಂದ. ಬ್ಯಾಂಕಿನ ಮ್ಯಾನೇಜರು ಬಾಗಿಲವರೆಗೆ ಬಂದು ಕೈಕುಲುಕಿದ. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಹಠಾತ್ತನೆ ಬಂದ ಸಂಪತ್ತಿನ ಅಪಾಯಗಳ ಬಗ್ಗೆ ಮಾತಾಡಿ, ಹೊರಗೆ ಬಂದು ಗಂಟೆಗೋಪುರದ ರಿಪೇರಿಯ ವಿಷಯ ವಿಸ್ತಿನ್ ಮಾಮನ ಕಿವಿಗೆ ಹಾಕಿದರು. ಪೌಲಿನಾ ಮಾತ್ರ ಗೂಡುಗಳನ್ನು ಗುಡಿಸುತ್ತಾ, "ಅಂತರರಾಷ್ಟ್ರೀಯ ಕಂಪನಿಯ ಯಜಮಾನರೇ, ಬೆಲ್ಜಿಯಂ ಮಾರುಕಟ್ಟೆ ನನ್ನ ಸೊಪ್ಪಿನ ಮಡಿ ತಿಂದುಹಾಕಿದೆ, ಬಂದು ಹಿಡೀರಿ" ಎನ್ನುತ್ತಿದ್ದಳು.

ಜುಲೈ ಮೊದಲ ಭಾನುವಾರ ಕಚೇರಿಯಿಂದ ಇಬ್ಬರು ಬಂದರು. ಬೊನೆಲ್ಲೊ ಎಂಬ ವಕೀಲೆ, ಮೂವತ್ತರ ಆಸುಪಾಸಿನವಳು. ಜೊತೆಗೆ ಪೆಟ್ಟಿಗೆ ಹಿಡಿದ ಒಬ್ಬ ಎಂಜಿನಿಯರು. ಐದು ದೇಶದಲ್ಲಿ ಎರಡು ವರ್ಷದಿಂದ ಲೈಸೆನ್ಸ್ ಇಲ್ಲದೆ ಜೂಜು ನಡೆಸಿದ ಭೂಗತ ದೊರೆಯನ್ನು ಹಿಡಿಯಲು ಬಂದವರು ಅವರು. ಕ್ಲಬ್ಬಿನ ಬಾಗಿಲಲ್ಲಿ ವಿಸ್ತಿನ್ ಮಾಮ ಟೈ ಸರಿಮಾಡಿಕೊಂಡು, ಎಳ್ಳು ಹಾಕಿದ ಬಿಸಿ ಬ್ರೆಡ್ಡಿಗೆ ಎಣ್ಣೆ ಟೊಮೆಟೊ ಸವರಿಸಿ ಇಟ್ಟುಕೊಂಡು ನಿಂತಿದ್ದ.

"ಮೊದಲು ಸರ್ವರ್ ನೋಡಬೇಕು," ಎಂದ ಎಂಜಿನಿಯರು.

"ಝಾರೆನ್, ಬಾ ಇಲ್ಲಿ."

ಝಾರೆನ್ ಬಂದ. ಬಿಳಿ ಅಂಗಿ, ತಲೆಗೆ ಎಣ್ಣೆ. ಎರಡು ವಾರದಿಂದ ಈ ಕ್ಷಣಕ್ಕೆ ತಯಾರಾಗಿದ್ದ.

"ಇವರು?"

"ಸರ್ವರ್. ಅರ್ಜಿಯಲ್ಲಿ ಬರೆದಿದೀವಲ್ಲ. ಐವತ್ತೊಂದರದ್ದು."

"ಕೈ ತೊಳೆದಿದೀನಿ ಸಾರ್," ಎಂದು ಝಾರೆನ್ ಎರಡೂ ಅಂಗೈ ತೋರಿಸಿದ.

ಎಂಜಿನಿಯರು ಪೆನ್ನಿಗೆ ಮುಚ್ಚಳ ಹಾಕಿದ. ವಕೀಲೆ ಕಿಟಕಿಯ ಕಡೆ ತಿರುಗಿ ನಿಂತಳು, ಅವಳ ಭುಜ ಅಲುಗುತ್ತಿತ್ತು. ಆದರೆ ಎಂಜಿನಿಯರು ಕರ್ತವ್ಯ ಬಿಡುವವನಲ್ಲ. ಸಂಖ್ಯೆ ಆರಿಸುವ ವ್ಯವಸ್ಥೆಯನ್ನು ಪರೀಕ್ಷಿಸಲೇಬೇಕು ಎಂದ. ಜೀಜಾ ಅಜ್ಜಿಯನ್ನು ಕೂರಿಸಿ, ಮುಖದ ಮುಂದೆ ಮೂರು ಬೆರಳು ಹಿಡಿದ.

"ಅಜ್ಜಿ, ಇದು ಎಷ್ಟು?"

"ಮಗಾ, ನೀನು ಎಲ್ಲಿದೀಯ ಅಂತಾನೇ ಕಾಣ್ತಿಲ್ಲ. ಬೆರಳು ಎಲ್ಲಿಂದ ಕಾಣಬೇಕು?"

ತೊಂಬತ್ತು ಬಿಲ್ಲೆಗಳನ್ನೂ ಎರಡು ಬಾರಿ ತೆಗೆಸಿದ, ಬಂದ ಕ್ರಮವನ್ನು ಬರೆದುಕೊಂಡ, ಲೆಕ್ಕ ಹಾಕಿದ. ಕೊನೆಗೆ, ತಾನು ಇದುವರೆಗೆ ನೋಡಿದ ಯಂತ್ರಗಳಲ್ಲಿ ಇದು ಬಹಳ ಪ್ರಾಮಾಣಿಕವಾದದ್ದು ಎಂದು ಮೆಲ್ಲಗೆ ವಕೀಲೆಗೆ ಹೇಳಿದ. ಮೊಲದ ಗೂಡುಗಳನ್ನೂ ನೋಡಿ ಬಂದ. ಹೆಸರಿನ ಚೀಟಿ ಎಲ್ಲ ಸರಿಯಾಗಿತ್ತು.

ವಕೀಲೆ ಬೊನೆಲ್ಲೊ ಕುರ್ಚಿ ಎಳೆದುಕೊಂಡು ವಿಸ್ತಿನ್ ಮಾಮನ ಎದುರು ಕೂತಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ.

"ಗಾಲ್ದೆಸ್ ಅವರೇ, ಈ ಕ್ಲಬ್ಬಿನೊಳಗೆ ಎಷ್ಟು ಬೇಕಾದ್ರೂ ಆಡಿ, ಪೊಲೀಸರ ಚೀಟಿ ಸಾಕು. ತೊಂದರೆ ಆ ಕ್ಯಾಮೆರಾದ್ದು. ಕಾರ್ಡಿಗೆ ದುಡ್ಡು ಹಾಕ್ತಾರೆ, ಬಹುಮಾನ ಇದೆ, ಆಡೋರು ಬೇರೆ ದೇಶದಲ್ಲಿದಾರೆ. ಕಾನೂನಿನ ಕಣ್ಣಿಗೆ ನಿಮಗೂ ದೊಡ್ಡ ಕಂಪನಿಗೂ ವ್ಯತ್ಯಾಸ ಇಲ್ಲ."

"ಬೆಲ್ಜಿಯಂ ನಮ್ಮ ಯುರೋಪಲ್ಲೇ ಇದೆಯಲ್ಲ ಮೇಡಂ. ಯುರೋಪೆಲ್ಲ ಒಂದೇ ಮಾರುಕಟ್ಟೆ ಅಂತ ನೀವೇ ಟೀವಿಯಲ್ಲಿ ಹೇಳ್ತೀರಿ."

"ಒಂದೇ. ನಿಮ್ಮ ಗಿಣ್ಣು ಬೆಲ್ಜಿಯಂಗೆ ಕಳಿಸಿ, ಯಾರೂ ತಡೆಯೋಹಾಗಿಲ್ಲ. ಆದರೆ ಜೂಜು ಗಿಣ್ಣಲ್ಲ. ಅದಕ್ಕೆ ಪ್ರತಿ ದೇಶವೂ ತನ್ನ ಬಾಗಿಲಿಗೆ ತನ್ನದೇ ಬೀಗ ಹಾಕಬಹುದು."

"ನಮ್ಮ ಬಹುಮಾನವೇ ಗಿಣ್ಣು."

"ಗಿಣ್ಣು ಮಾರಿದ್ರೆ ಪರವಾಗಿಲ್ಲ."

"ಪೆರ್ಪೆತ್ವಾಗೆ ಮಾರಿದ್ರೆ ಪರವಾಗಿಲ್ಲ, ಅವಳು ಗೆದ್ದರೆ ಅಪರಾಧ?"

"ಹೌದು."

"ಗೆದ್ದಿದ್ದನ್ನ ಅವಳು ಬೇರೆ ಸಿಸ್ಟರುಗಳಿಗೆ ಹಂಚಿದ್ರೆ?"

"ಅಪರಾಧವನ್ನ ಹಂಚಿಕೊಂಡ್ರು ಅಷ್ಟೆ."

ವಿಸ್ತಿನ್ ಮಾಮ ಟೈ ಸಡಿಲಿಸಿಕೊಂಡ. ಅಷ್ಟರಲ್ಲಿ ಬಿಯರಿನ ಪೆಟ್ಟಿಗೆಯ ಮೇಲಿಂದ ದನಿ ಬಂತು. ಮೆಲ್ಬರ್ನ್ ಆಗಲೇ ಬಂದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದುದನ್ನು ನಾವು ಮರೆತಿದ್ದೆವು.

"ಸ್ಪಿರು, ಆ ಹುಡುಗಿಗೆ ಈ ಕಡೆ ತಿರುಗೋಕೆ ಹೇಳು," ಎಂದಳು ಕಾರ್ಮನಿ.

ಬೊನೆಲ್ಲೊ ತಿರುಗಿದಳು. ಪರದೆಯ ತುಂಬ ದಪ್ಪ ಕನ್ನಡಕ, ಬಿಳಿ ಕೂದಲು.

"ನಮಸ್ಕಾರ ಅಮ್ಮ. ನೀವು ಈಗ ಎಲ್ಲಿದೀರಿ?"

"ಕ್ಲಬ್ಬಲ್ಲಿ."

"ಯಾವ ಕ್ಲಬ್ಬಲ್ಲಿ?"

"ನೀನು ಕೂತಿದೀಯಲ್ಲ, ಅದೇ ಕ್ಲಬ್ಬಲ್ಲಿ. ನಿನ್ನ ಹಿಂದೆ ಸಾನ್ ಬಾಸ್ತ್ಯಾನನ ಮೂರ್ತಿ ಇದೆ, ಮೈಗೆ ನೆಟ್ಟ ಬಾಣಗಳಲ್ಲಿ ಒಂದು ಮುರಿದಿದೆ. ಮುರಿದೋಳು ನಾನೇ, ಒಂಬತ್ತು ವರ್ಷದೋಳಿದ್ದೆ."

"ಅಮ್ಮ, ನೀವಿರೋದು ಮೆಲ್ಬರ್ನಲ್ಲಿ ಅಲ್ವಾ?"

"ಮೆಲ್ಬರ್ನಲ್ಲಿ ಕುರ್ಚಿ ಇದೆ. ವಾರದಲ್ಲಿ ಆರು ದಿನ ಅದರ ಮೇಲೆ ಕೂತಿರ್ತೀನಿ. ಭಾನುವಾರ ಒಂದು ಗಂಟೆ ನಾನು ಅಲ್ಲಿರ್ತೀನಿ."

ಆಟ ನಡೆಯುವುದು ಬಿಲ್ಲೆ ತೆಗೆಯುವಲ್ಲೋ, ಬೀಜ ಇಡುವಲ್ಲೋ? ಇದರ ಮೇಲೆ ಎಷ್ಟೋ ದೇಶಗಳ ನ್ಯಾಯಾಲಯಗಳು ಜಗಳಾಡಿವೆ ಎಂದು ಬೊನೆಲ್ಲೊ ಆಮೇಲೆ ನನಗೆ ಹೇಳಿದಳು. ಆ ದಿನ ಅವಳು ಎಣ್ಣೆ ಬ್ರೆಡ್ಡು ತಿಂದು ಮಧ್ಯಾಹ್ನದ ಹಡಗಿಗೆ ಹೋದಳು.

ಎರಡು ವಾರಕ್ಕೆ ಆದೇಶ ಬಂತು. ಬೆಲ್ಜಿಯಂನವರನ್ನು ವಿಚಾರಿಸಿದ್ದರಂತೆ, ಅವರು ಖಂಡಿತ ಕೂಡದು ಎಂದಿದ್ದರು. ಉಳಿದ ದೇಶಗಳ ಕಾನೂನು ಇನ್ನೂ ಬಿಗಿ. ದಂಡ ಇಲ್ಲ, ಆದರೆ ತಿಂಗಳ ಕೊನೆಯೊಳಗೆ ಕ್ಯಾಮೆರಾ ನಿಲ್ಲಬೇಕು. ಕಾಗದದ ಕೆಳಗೆ ಮೂರು ಮೊಹರು. ಒಂದು ಕೆಂಪು, ಒಂದು ನೀಲಿ, ಒಂದು ಉಬ್ಬು ಅಚ್ಚಿನದು. ಅಷ್ಟು ಚೆಂದದ ಮೊಹರುಗಳನ್ನು ನಮ್ಮೂರು ಹಿಂದೆಂದೂ ಕಂಡಿರಲಿಲ್ಲ. ವಿಸ್ತಿನ್ ಮಾಮ ಅದನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಟೈ ಬಿಚ್ಚಿ ಬಾರಿನ ಮೇಲೆ ಇಟ್ಟು ಮನೆಗೆ ಹೋದ.

ಕ್ಲಬ್ಬಿನಲ್ಲಿ ಅವನ ಮೇಲೆ ಎಲ್ಲರಿಗೂ ಕೋಪ. ತನ್ನಷ್ಟಕ್ಕೆ ಮಲಗಿದ್ದ ಕಾನೂನನ್ನು ಇವನೇ ಬಾಗಿಲು ತಟ್ಟಿ ಕರೆದ ಎಂದರು. ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲದ ಮನುಷ್ಯನೂ ಬೈಯಲು ಬಂದದ್ದು ಮಾತ್ರ ವಿಚಿತ್ರ. ಗೇತು, ಚೌಕದ ಆಚೆಯ ಅಧ್ಯಕ್ಷ, ಹುಟ್ಟಿದಂದಿನಿಂದ ಮೊದಲ ಸಲ ನಮ್ಮ ಬಾಗಿಲೊಳಗೆ ಕಾಲಿಟ್ಟ.

"ವಿಸ್ತಿನ್, ನಿನಗೆ ಬುದ್ಧಿ ಇದೆಯಾ? ನಮ್ಮ ದೊಡ್ಡತ್ತೆ ಮೆಲ್ಬರ್ನಲ್ಲಿ ವಾರಪೂರ್ತಿ ಇದಕ್ಕೇ ಕಾಯ್ತಾಳೆ."

"ನಿಮ್ಮ ದೊಡ್ಡತ್ತೆ ನಮ್ಮ ತಂಬೋಲ ಆಡ್ತಾಳಾ?"

"ಎರಡು ವರ್ಷದಿಂದ. ನಿನ್ನ ಹಿತ್ತಲಲ್ಲಿರೋ ಕಪ್ಪು ಮೊಲ ನಮ್ಮನೇದು." ಗೇತು ಸುತ್ತಲೂ ನೋಡಿ, ತಾನೆಲ್ಲಿದ್ದೇನೆಂದು ನೆನಪಾಗಿ, ದನಿ ತಗ್ಗಿಸಿದ. "ಇದನ್ನ ನಮ್ಮವರಿಗೆ ಹೇಳಬೇಡ."

ವಿಸ್ತಿನ್ ಮಾಮ ಯಾರಿಗೂ ಎದುರಾಡಲಿಲ್ಲ. ಅದೇ ನಮಗೆಲ್ಲ ಗಾಬರಿ ತಂದದ್ದು. ಪೌಲಿನಾ ನನ್ನನ್ನು ಕರೆದು, "ಮೂರು ದಿನದಿಂದ ಮೊಲಗಳ ಹತ್ರ ಕೂತಿದಾನೆ ಸ್ಪಿರು. ಬೈದರೂ ಕೇಳಿಸಿಕೊಳ್ಳಲ್ಲ. ನಲವತ್ತೊಂದು ವರ್ಷ ಆದಮೇಲೆ ಸಿಕ್ಕ ತಂಗಿಯನ್ನ ಒಂದು ಚೌಕಟ್ಟಿಗೋಸ್ಕರ ಕಳಕೊಂಡೆ ಅಂತಾನೆ" ಎಂದಳು.

ಕೊನೆಯ ಭಾನುವಾರ ಬಂತು. ಕ್ಲಬ್ಬು ತುಂಬಿತ್ತು. ಪರದೆಯಲ್ಲೂ ಮೆಲ್ಬರ್ನಿನ ಸಭಾಂಗಣ ತುಂಬಿತ್ತು. ವಿಸ್ತಿನ್ ಮಾಮ ಎದ್ದುನಿಂತು ಆದೇಶವನ್ನು ಓದಿದ. ಹಡಗಿನ ಸಮಯ ಕೂಗಿ ಅಭ್ಯಾಸವಾದ ಗಂಟಲು, ಎರಡೂ ಪುಟ ಹಿಂದಿನ ಬೆಂಚಿಗೂ ಕೇಳಿಸಿತು. "ತಪ್ಪು ನನ್ನದು ಕಾರ್ಮನಿ," ಎಂದ. "ಗೋಡೆಗೆ ತೂಗುಹಾಕೋಕೆ ಏನಾದರೂ ಬೇಕಿತ್ತು ನನಗೆ."

"ಅದಿರಲಿ. ಐದನೇ ಸಾಲು ಇನ್ನೊಂದ್ಸಲ ಓದು."

"'ಆಟದ ಸ್ಥಳದಲ್ಲಿ ಖುದ್ದು ಹಾಜರಿರುವ ವ್ಯಕ್ತಿಗಳಿಗೆ ಮಾತ್ರ ಆಡಲು ಅವಕಾಶವಿರತಕ್ಕದ್ದು.'"

"ಹಾಜರಿದ್ರೆ ಯಾವ ದೇಶದವರೂ ಏನೂ ಕೇಳಲ್ಲ?"

"ಕೇಳಲ್ಲ."

ಪರದೆ ಕಪ್ಪಾಯಿತು. ಅವಳೇ ಆರಿಸಿದ್ದಳು. ಒಂದು ಸಂಖ್ಯೆಯನ್ನೂ ಕೂಗಿರಲಿಲ್ಲ. ಆಮೇಲೆ ಮೂರು ವಾರ ವಿಸ್ತಿನ್ ಮಾಮ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಕೋಪ ಬಂದಿದೆ, ಬರಬೇಕಾದ್ದೇ ಎಂದು ಅವನು ಒಪ್ಪಿಕೊಂಡುಬಿಟ್ಟ.

ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಬಂದರಿನಿಂದ ನನಗೆ ಫೋನ್ ಬಂತು. ಟಿಕೆಟ್ ಗೂಡಿನಲ್ಲಿ ಈಗ ಕೂರುವ ಹುಡುಗಿ ಮಾಡಿದ್ದು. "ವಿಸ್ತಿನ್ ಮಾಮನ್ನ ಕರ್ಕೊಂಡು ಬೇಗ ಬನ್ನಿ. ಆಚೆ ದಡದವರು ಹೇಳಿ ಕಳಿಸಿದಾರೆ. ಹತ್ತು ಗಂಟೆ ಹಡಗಲ್ಲಿ ಒಬ್ಬಮ್ಮ ಕಂಬ ಹಿಡ್ಕೊಂಡು ಕೂತಿದಾರಂತೆ, ಬಿಡ್ತಿಲ್ವಂತೆ, ಇವರ ಹೆಸರು ಹೇಳ್ತಿದಾರಂತೆ."

ನಾವು ಹೋಗುವಷ್ಟರಲ್ಲಿ ಹಡಗು ಬಾಯಿ ತೆರೆದಿತ್ತು. ಹತ್ತು ಜನ ಇಳಿದರು, ಎಲ್ಲರೂ ಅರವತ್ತು ದಾಟಿದವರು, ಎಲ್ಲರ ಕೈಯಲ್ಲೂ ನಾವು ಅಂಚೆಯಲ್ಲಿ ಕಳಿಸಿದ ಕಾರ್ಡು. ಗೇತುವಿನ ದೊಡ್ಡತ್ತೆಯೂ ಇದ್ದಳು. ಕೊನೆಯಲ್ಲಿ ಕಾರ್ಮನಿ. ಮುಖ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಮೆಲ್ಬರ್ನಿನಿಂದ ಮಾಲ್ಟಾದವರೆಗೆ ವಿಮಾನದಲ್ಲಿ ಕಣ್ಣುಮುಚ್ಚಿ ಬಂದಿದ್ದಳು, ಕೆಳಗಿದ್ದ ಸಮುದ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಕೊನೆಯ ಅರ್ಧ ಗಂಟೆಯ ಈ ನೀರನ್ನು ದಾಟದೆ ಬೇರೆ ದಾರಿಯಿರಲಿಲ್ಲ.

ಅಣ್ಣ ತಂಗಿ ಎದುರುಬದುರು ನಿಂತರು. ಪರದೆಯಲ್ಲಿ ಮುಖ ಮಾತ್ರ ಕಾಣುತ್ತಿತ್ತು. ಅವಳು ಇಷ್ಟು ಕುಳ್ಳಿ ಎಂದು ನಮಗಾರಿಗೂ ಗೊತ್ತಿರಲಿಲ್ಲ, ಅವನಿಗೆ ಮರೆತೇಹೋಗಿತ್ತು.

"ಟಿಕೆಟ್ ಯಾರೂ ಕೇಳಲೇ ಇಲ್ಲ," ಎಂದಳು ಕಾರ್ಮನಿ.

"ಈ ದ್ವೀಪಕ್ಕೆ ಬರೋರಿಗೆ ಟಿಕೆಟ್ ಇಲ್ಲ," ಎಂದ ವಿಸ್ತಿನ್ ಮಾಮ. "ಹೋಗೋರಿಗೆ ಮಾತ್ರ. ಮೂವತ್ನಾಲ್ಕು ವರ್ಷ ನಾನು ಹೋಗೋರ ಟಿಕೆಟ್ಟಿಗೇ ಮೊಹರು ಒತ್ತಿದ್ದು." ಅಷ್ಟು ಹೇಳಿ ಅವನು ಅಲ್ಲೇ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತುಬಿಟ್ಟ. ಅವಳು ಬಂದು ಅವನ ತಲೆಯ ಮೇಲೆ ಕೈಯಿಟ್ಟಳು.

ಆ ಭಾನುವಾರದ ತಂಬೋಲವನ್ನು ಊರು ಇನ್ನೂ ನೆನೆಯುತ್ತದೆ. ಕಾರ್ಮನಿ ಖುದ್ದು ಹಾಜರಿದ್ದಳು, ಬೀಜ ಇಡುವುದನ್ನು ಬಿಟ್ಟು ಗೋಡೆ, ಸೂರು, ಮುರಿದ ಬಾಣ ನೋಡುತ್ತಾ ಕೂತಿದ್ದರಿಂದ ಒಂದು ಸಾಲನ್ನೂ ಗೆಲ್ಲಲಿಲ್ಲ. ಜೀಜಾ ಅಜ್ಜಿ ಅವಳ ಮುಖವನ್ನು ಎರಡು ಕೈಯಲ್ಲಿ ತಡವಿ, "ನಿನ್ನ ಅಮ್ಮನ ಮೂಗೇ" ಎಂದಳು. ಆಟ ಮುಗಿದ ಮೇಲೆ ಆಟಗಾರರ ಪ್ರತ್ಯೇಕ ಆಸ್ತಿಯನ್ನು ಕಾನೂನಿನಂತೆ ಆಟಗಾರರಿಗೇ ಒಪ್ಪಿಸಲಾಯಿತು. ಪೌಲಿನಾ ಎರಡು ವರ್ಷ ತಡೆದುಕೊಂಡ ಬಾಣಲೆಯನ್ನು ಕೊನೆಗೂ ಒಲೆಗೇರಿಸಿದಳು. ವೈನು, ಬೆಳ್ಳುಳ್ಳಿ, ಲವಂಗದೆಲೆಯ ಘಮ ಚೌಕ ದಾಟಿ ಆಚೆಯವರ ಕ್ಲಬ್ಬಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆಚೆಯವರೂ ಬಂದರು. ವಕೀಲೆ ಬೊನೆಲ್ಲೊಗೆ ವಿಸ್ತಿನ್ ಮಾಮನೇ ಆಹ್ವಾನ ಕಳಿಸಿದ್ದ. ಅವಳು ಬಂದು ಉಂಡಳು, ಬೆಲ್ಜಿಯಂನ ಪಾಲಿನ ಗೂಡು ಮಾತ್ರ ಮುಟ್ಟದೆ ಉಳಿದಿದೆ ಎಂದು ಖಾತ್ರಿ ಮಾಡಿಕೊಂಡಳು.

ಅಕ್ಟೋಬರಿನಲ್ಲಿ ಕಾರ್ಮನಿ ವಾಪಸು ಹೊರಟಳು. ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದರು, ಇರು ಎಂದು ವಿಸ್ತಿನ್ ಮಾಮನೂ ಹೇಳಲಿಲ್ಲ. ಹೋದ ಮೇಲೆ ಇನ್ನೊಂದು ಸಲ ನೀರು ದಾಟಿ ಬರುವ ಶಕ್ತಿ ಅವಳಿಗಿರಲಿಲ್ಲ. ಕ್ಯಾಮೆರಾವನ್ನು ನಾನು ಬಿಚ್ಚಿ ಶಾಲೆಗೆ ಕೊಟ್ಟೆ.

ಅದರ ಮುಂದಿನ ಭಾನುವಾರ ಆಟ ಮುಗಿದ ಮೇಲೆ, ಬಂದ ಸಂಖ್ಯೆಗಳನ್ನು ನಾನು ಬರೆದಿಡುವ ಹಾಳೆಯನ್ನು ವಿಸ್ತಿನ್ ಮಾಮ ಕೇಳಿ ಪಡೆದ. ಮನೆಗೆ ಹೋಗಿ ತಂಗಿಗೆ ಫೋನ್ ಮಾಡಿ, ಬಂದ ಕ್ರಮದಲ್ಲೇ ಒಂದೊಂದಾಗಿ ಓದಿದನಂತೆ. ಅವಳು ಅಲ್ಲಿ ತನ್ನ ಅಡುಗೆಮನೆಯ ಮೇಜಿನ ಮೇಲೆ ಬೀಜ ಇಟ್ಟಳಂತೆ. ದುಡ್ಡಿಲ್ಲ, ಬಹುಮಾನವಿಲ್ಲ, ಗೆದ್ದವರು ಯಾರೆಂದು ಆಗಲೇ ತೀರ್ಮಾನವಾಗಿದೆ. ಹೀಗೆ ಪ್ರತಿ ಭಾನುವಾರ. ಇದು ಸರಿಯೇ ಎಂದು ಒಮ್ಮೆ ನಾನು ಬೊನೆಲ್ಲೊಳನ್ನು ಕೇಳಿದೆ. ಅಣ್ಣ ತಂಗಿಗೆ ಫೋನಿನಲ್ಲಿ ಅಂಕಿ ಓದುವುದನ್ನು ತಡೆಯುವ ಕಾನೂನು ಇನ್ನೂ ಯಾವ ದೇಶದಲ್ಲೂ ಬಂದಿಲ್ಲ, ದಯವಿಟ್ಟು ಇನ್ನೊಂದು ಅರ್ಜಿ ಮಾತ್ರ ಹಾಕಬೇಡಿ ಎಂದಳು.

ವಿಸ್ತಿನ್ ಮಾಮ ಹೋಗಿ ಈಗ ನಾಲ್ಕು ವರ್ಷ. ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಸಂಖ್ಯೆಗಳ ಹಾಳೆ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಾನೇ ಫೋನ್ ಮಾಡಿದೆ. ಮೊದಲ ಗಂಟೆಗೇ ಕಾರ್ಮನಿ ಎತ್ತಿದಳು. ಕಾರ್ಡು, ಬೀಜ ಎಲ್ಲ ತಯಾರಿಟ್ಟುಕೊಂಡು ಕೂತಿದ್ದಳು.

ಈಗಲೂ ನಾನೇ ಓದುತ್ತೇನೆ. ನಾನು ಅವಸರದವನು ಎಂದು ಅವಳಿಗೆ ಸಿಟ್ಟು. ಹಾಳೆ ಬಿಚ್ಚುತ್ತಿದ್ದಂತೆ ತಡೆಯುತ್ತಾಳೆ.

"ಸ್ಪಿರು, ಮೊದಲು ಇವತ್ತು ಯಾರ್ಯಾರು ಬಂದಿದ್ರು ಹೇಳು."

ಮಿಕಿಯೆಲ್ ಬಂದಿದ್ದ, ಮಂಡಿ ನೋವಿದ್ದರೂ. ಪೌಲಿನಾ ಬಂದಿದ್ದಳು, ಹೊಸ ಶಾಲು ಹೊದ್ದಿದ್ದಳು. ಝಾರೆನನ ಮೊಮ್ಮಗಳು ಬಾರ್ ಹಿಂದೆ ನಿಂತಿದ್ದಳು. ಗೇತು ಬರಲಿಲ್ಲ, ಕೆಮ್ಮು. ಒಂದೊಂದು ಮೇಜಾಗಿ ಹೇಳಿ ಮುಗಿಸುತ್ತೇನೆ. ಆ ಕಡೆ ಮೇಜಿನ ಮೇಲೆ ಬೀಜ ಸುರಿಯುವ ಸದ್ದು ಕೇಳಿಸುತ್ತದೆ.

"ಸರಿ," ಎನ್ನುತ್ತಾಳೆ. "ಈಗ ನಂಬರ್ ಓದು."